ಕಾರಿಗೆ ಹೋಗಿ ಬಾ ಅಂದಿದ್ದು

ನಮ್ಮಕ್ಕನಿಗೆ ಗಿರಾಕಿಗಳು ಇಟ್ಟ ಹೆಸರು ಪಿನ್ನಕ್ಕ. ಹೊಸ ಬಟ್ಟೆ ಹೊಲಿಯೋದು ಅವಳ ಕೆಲಸವಲ್ಲ. ಉದ್ದ ಇದ್ದಿದ್ದನ್ನ ಗಿಡ್ಡ ಮಾಡೋದು, ಬಿಗಿಯಾಗಿದ್ದನ್ನ ಸಡಿಲ ಮಾಡೋದು, ಒಟ್ಟಿನಲ್ಲಿ ಬೇರೆಯವರು ಹಾಕಿದ ಹೊಲಿಗೆ ಬಿಚ್ಚೋದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೂ ತುಟಿ ಮಧ್ಯೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡ್ತಾಳೆ. ಬೇರೆಯವರಿಗೆ ಅರ್ಧ ಅರ್ಥವಾಗಲ್ಲ, ನನಗೆ ಪೂರ್ತಿ ಆಗುತ್ತೆ. ನನ್ನ ಕರ್ಮ, ಪಕ್ಕದಲ್ಲಿ ಕೂತು ಗುಂಡಿ ಹಾಕುವವಳು ನಾನೇ ತಾನೆ!

ಭಾವ ಲಿಫ್ಟ್ ರಿಪೇರಿ ಮಾಡ್ತಿದ್ದರು. ಸದ್ದು ಮಾಡೋ ಯಂತ್ರ ಕಂಡರೆ ಅವರಿಗೆ ಆಗ್ತಿರಲಿಲ್ಲ. ಅದಕ್ಕೇ ಆ ಹೈಬ್ರಿಡ್ ಕಾರು ತಂದರು. ನಿಧಾನಕ್ಕೆ ಹೋಗುವಾಗ ಎಂಜಿನ್ ಸುಮ್ಮನಾಗಿ ಬ್ಯಾಟರಿಯಲ್ಲೇ ಓಡೋ ಕಾರು. ಗೇಟಿಗೆ ಬಂದು ನಿಂತರೂ ಗೊತ್ತಾಗ್ತಿರಲಿಲ್ಲ. "ಕಳ್ಳನ ಹಾಗೆ ಬರುತ್ತೆ ನಿಮ್ಮ ಕಾರು" ಅಂತ ಅಕ್ಕ ಬೈದರೆ, "ನಿನ್ನ ಹಾಗೆ ಊರಿಗೆಲ್ಲ ಕೇಳೋ ಹಾಗೆ ಬರಬೇಕಿತ್ತಾ?" ಅಂತ ಭಾವ. ಹದಿನಾಲ್ಕು ವರ್ಷ ಅದೇ ಜಗಳ.

ಒಂದು ಮಧ್ಯಾಹ್ನ ಭಾವನ ಎದೆನೋವು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬರುವಾಗ ಅಕ್ಕನೇ ಓಡಿಸ್ತಿದ್ದಳು. ಭಾವ ಪಕ್ಕದ ಸೀಟನ್ನ ಹಿಂದಕ್ಕೆ ಬಾಗಿಸಿಕೊಂಡು, "ಮನೆ ಬಂದ್ರೆ ಎಬ್ಬಿಸು" ಅಂದರಂತೆ. ಮನೆ ಬಂತು. ಅಕ್ಕ ಎಬ್ಬಿಸಲಿಲ್ಲ. ಪಾಪ, ಎರಡು ದಿನದಿಂದ ಕಣ್ಣು ಮುಚ್ಚಿಲ್ಲ, ಮಲಗಲಿ ಅಂತ ಏಸಿ ಹಾಕಿಯೇ ಬಿಟ್ಟು ಒಳಗೆ ಬಂದಳು. ಗಿರಾಕಿಯೊಬ್ಬ ಪ್ಯಾಂಟಿಗೆ ಕಾಯ್ತಾ ಕೂತಿದ್ದ. ಅದರ ಎರಡೂ ಕಾಲು ಮಡಚಿ ಹೊಲಿದುಕೊಟ್ಟು, ನಲವತ್ತು ನಿಮಿಷ ಬಿಟ್ಟು ಹೋಗಿ ನೋಡಿದರೆ ಭಾವ ಹೋಗಿಬಿಟ್ಟಿದ್ದರು. ಕಾರು ಮಾತ್ರ ಸದ್ದಿಲ್ಲದೆ ಚಾಲೂ ಇತ್ತು.

"ದಾರಿಯಲ್ಲೇ ಹೋಗಿರಬಹುದು, ಆಮೇಲೂ ಇರಬಹುದು, ಹೇಳೋಕಾಗಲ್ಲ" ಅಂದರು ಡಾಕ್ಟರು. ಆ ಹೇಳೋಕಾಗಲ್ಲ ಅನ್ನೋದು ಅಕ್ಕನನ್ನ ಬಿಡಲೇ ಇಲ್ಲ. ಎಬ್ಬಿಸಿದ್ದರೆ ಉಳೀತಿದ್ದರಾ? "ಕೇಳಿದ್ದು ಒಂದೇ ಒಂದು, ಅದನ್ನೂ ಮಾಡಲಿಲ್ಲ ನಾನು" ಅಂತ ಪಿನ್ನು ಕಚ್ಚಿಕೊಂಡೇ ದಿನಕ್ಕೆ ಹತ್ತು ಸಲ. ಅಳಲೂ ಇಲ್ಲ ಮಹಾತಾಯಿ. ನನಗೆ ಸಿಟ್ಟೂ ಬರ್ತಿತ್ತು, ಕರುಳೂ ಕಿತ್ತು ಬರ್ತಿತ್ತು.

ಆಮೇಲೆ ಕಾರಿನ ಕಾಟ ಶುರುವಾಯ್ತು. ಬಾಗಿಲು ತೆಗೆದರೆ ಸಾಕು, ಚಾಲೂ ಮಾಡೋ ಮೊದಲೇ ಒಳಗೆಲ್ಲೋ ಗುಂಯ್ ಅಂತ ಯಾರೋ ಉಸಿರೆಳೆದ ಹಾಗೆ. "ಬ್ರೇಕಿನ ಪಂಪು ಕಣಮ್ಮ, ಇಂಥ ಕಾರಿಗೆಲ್ಲ ಇದ್ದಿದ್ದೇ" ಅಂದ ಮೆಕ್ಯಾನಿಕ್. ಭಾವ ಬಾಗಿಸಿದ ಸೀಟನ್ನ ನಾನು ನೆಟ್ಟಗೆ ಮಾಡಿ ಬರೋದು, ಮಾರನೇ ದಿನ ನೋಡಿದರೆ ಅದು ಮತ್ತೆ ಹಿಂದಕ್ಕೆ ಒರಗಿರೋದು. ಸೀಟು ಹಿಡಿದಿಡೋ ಚಕ್ರದ ಹಲ್ಲು ಸವೆದಿದೆ ಅಂದ ಮೆಕ್ಯಾನಿಕ್. ಎಲ್ಲದಕ್ಕೂ ಅವನ ಹತ್ತಿರ ಒಂದು ಉತ್ತರ ಇತ್ತು. ನಾನು ಮಾತ್ರ ಆ ಕಾರಿನ ಹತ್ತಿರ ಒಬ್ಬಳೇ ಹೋಗೋದು ಬಿಟ್ಟೆ.

ಬ್ಯಾಟರಿಯೂ ಮುದಿಯಾಗಿತ್ತು. ಬಡ ರೋಗಿಗಳನ್ನ ಆಸ್ಪತ್ರೆಯಿಂದ ಮನೆಗೆ ಬಿಡೋ ಸೇವಾಸಂಸ್ಥೆಯೊಂದು ಹಳೇ ಕಾರು ತಗೊಳ್ಳುತ್ತೆ ಅಂತ ಗೊತ್ತಾಗಿ ನಾನೇ ಫೋನ್ ಮಾಡಿದೆ. ಅರ್ಜಿಯಲ್ಲಿ 'ದಾನಕ್ಕೆ ಕಾರಣ' ಅಂತ ಇದ್ದ ಕಡೆ ಅಕ್ಕ 'ಸದ್ದಿಲ್ಲ' ಅಂತ ಬರೆದಳು. ಕಾರು ಒಯ್ಯಲು ಬಂದವರು ಏನೋ ಕೆಟ್ಟಿದೆ ಅಂದ್ಕೊಂಡು, "ರಿಪೇರಿ ಮಾಡಿಸ್ಕೊತೀವಿ ಬಿಡಿ" ಅಂದರು. ದಾರಿ ತೋರಿಸೋ ಪರದೆಯಲ್ಲಿದ್ದ ವಿಳಾಸಗಳನ್ನೆಲ್ಲ ನಮ್ಮೆದುರೇ ಅಳಿಸಿದರು. 'ಮನೆ' ಅಂತಿದ್ದ ಜಾಗ ಖಾಲಿಯಾಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಕಾರು ಗೇಟು ದಾಟುವಾಗ ಅಕ್ಕ ಅದರ ಬೆನ್ನು ತಟ್ಟಿ, "ಹೋಗಿ ಬಾ" ಅಂದಳು.

"ಅಯ್ಯೋ ನಿನ್ನ! ದಾನ ಕೊಟ್ಟಿದ್ದಕ್ಕೆ ಯಾರಾದ್ರೂ ಹೋಗಿ ಬಾ ಅಂತಾರಾ? ಹೋಗು ಅನ್ನಕ್ಕ."

"ಬರೀ ಹೋಗು ಅನ್ನೋಕೆ ಬಾಯಿ ಬರಲ್ಲ ಕಣೇ."

ಮೂರು ವಾರ ಕಳೀತು. ಹಾಡಹಗಲು, ನಾನು ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರೆ ಗೇಟಿನಲ್ಲಿ ಅದೇ ಕಾರು. ಯಾವಾಗ ಬಂತೋ ದೇವರೇ ಬಲ್ಲ. ಅಪರಿಚಿತ ಡ್ರೈವರೊಬ್ಬ ಇಳಿದು ತಲೆ ಕೆರೆದುಕೊಳ್ತಾ ನಿಂತಿದ್ದ.

"ಮೇಡಂ, ಇದು ಅಜ್ಜನ ಮನೆ ತಾನೆ?"

"ಯಾವ ಅಜ್ಜನಪ್ಪಾ?"

"ಒಳಗೆ ಮಲಗಿದಾರೆ. ಅವರ ವಿಳಾಸವೇ ಹಾಕಿದ್ದೆ. ಕಾರು ಎಡಕ್ಕೆ, ಬಲಕ್ಕೆ ಅಂತ ಹೇಳ್ತಾ ಬಂತು, ನಾನು ಬರ್ತಾ ಬಂದೆ. ಅಜ್ಜ ಹತ್ತಿದ ಕೂಡಲೇ, ಮನೆ ಬಂದ್ರೆ ಎಬ್ಬಿಸು ಅಂದು ಕಣ್ಣು ಮುಚ್ಚಿದರು."

ಯಾರು ಬೇಕಾದರೂ ಆಡೋ ಮಾತು ಅದು, ನನಗೂ ಗೊತ್ತು. ಆದರೂ ಕೈಯಲ್ಲಿದ್ದ ಸೂಜಿ ಅಲ್ಲೇ ಬಿಟ್ಟು ಎದ್ದೆ. ಇದು ಅಜ್ಜನ ಮನೆಯಲ್ಲ ಅಂದಿದ್ದಕ್ಕೆ ಅವನು ವಿಳಾಸ ಕೇಳಲು ಆಫೀಸಿಗೆ ಫೋನ್ ಮಾಡ್ತಾ ಆಚೆ ಹೋದ.

ಅಕ್ಕ ಆಗಲೇ ಕಾರಿನ ಹತ್ತಿರ ಇದ್ದಳು. ಭಾವನ ಸೀಟು, ಹಾಗೇ ಹಿಂದಕ್ಕೆ ಒರಗಿತ್ತು. ಬಡಕಲು ಮುದುಕನೊಬ್ಬ ಹೊಟ್ಟೆ ಮೇಲೆ ಕೈ ಜೋಡಿಸಿಕೊಂಡು ಮಲಗಿದ್ದ. ಉಸಿರಾಡ್ತಿದ್ದಾನೋ ಇಲ್ಲವೋ ಗಾಜಿನಾಚೆಯಿಂದ ಗೊತ್ತಾಗ್ತಿರಲಿಲ್ಲ.

"ಬೇಡಕ್ಕ, ಡ್ರೈವರ್ ಎಬ್ಬಿಸ್ಲಿ" ಅಂದೆ.

ಅಕ್ಕ ಬಾಯಲ್ಲಿದ್ದ ಪಿನ್ನುಗಳನ್ನ ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. ನಾಲ್ಕೂ. ಬಾಗಿಲು ತೆಗೆದು, ಮುದುಕನ ಭುಜ ಮುಟ್ಟಿ, "ಏಳಿ, ಮನೆ ಬಂತು" ಅಂದಳು. ಅವನು ಮಿಸುಕಲಿಲ್ಲ.

"ರೀ" ಅಂದಳು. "ರೀ, ಏಳ್ರಿ. ಮನೆ ಬಂತು." ಭಾವನನ್ನ ಬಿಟ್ಟು ಯಾರನ್ನೂ ಅವಳು ಆ ದನಿಯಲ್ಲಿ ಕರೆದಿದ್ದು ನಾನು ಕೇಳಿಲ್ಲ.

ಮುದುಕ ಕಣ್ಣು ತೆರೆದ. ಅಕ್ಕನನ್ನೇ ಬಹಳ ಹೊತ್ತು ನೋಡಿದ, ಗುರುತು ಇರುವವರನ್ನ ನೋಡುವ ಹಾಗೆ.

"ಯಾಕೆ ಎಬ್ಬಿಸಿದೆ?" ಅಂದ. "ಚೂರೂ ನೋವಿರಲಿಲ್ಲ. ಹಾಗೇ ಬಿಡಬಾರದಿತ್ತಾ?"

ಅಕ್ಕ ಅಲ್ಲೇ ಗೇಟಿನ ಹತ್ತಿರ ನೆಲಕ್ಕೆ ಕುಸಿದು ಅತ್ತಳು. ಏಳು ತಿಂಗಳ ಅಳು, ಇಡೀ ಬೀದಿ ಹೊರಗೆ ಬಂತು. ಮುದುಕ ಗಾಬರಿಯಾಗಿ, "ಅಯ್ಯೋ, ನಾನೇನಂದೆ? ಯಾರಮ್ಮ ನೀನು?" ಅಂತ ಕೇಳ್ತಾನೇ ಇದ್ದ.

ಸರಿಯಾದ ವಿಳಾಸ ಸಿಕ್ಕಿತು. ಡ್ರೈವರ್ ಹತ್ತಿ ಕೂತ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಮುದುಕನ ಕಡೆ ಬಗ್ಗಿ, "ಹೋಗಿ ಬನ್ನಿ ಅಜ್ಜ" ಅಂದಳು.

ಆಮೇಲೆ ಕಾರಿನ ಬೆನ್ನ ಮೇಲೆ ಕೈಯಿಟ್ಟಳು. ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ, ಮಾತು ಸ್ಪಷ್ಟವಾಗಿ ಕೇಳಿಸಿತು.

"ನೀನು ಹೋಗು."