ಹಾಸ್ಟೆಲ್ ಅಕ್ಕ ಕಲಿಸಿದ ಉಸಿರು

ಅಕ್ಕಿ ಮೂಟೆಗಳ ಹಿಂದಿನಿಂದ ಎರಡು ಪಾದಗಳು ಸೂರಿನ ಕಡೆಗೆ ನೆಟ್ಟಗೆ ಎದ್ದು ನಿಂತಿದ್ದವು. ಬಿರುಕು ಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ. ಬಿಸಿನೀರು ಕೇಳಲೆಂದು ಬೆಳಿಗ್ಗೆ ಉಗ್ರಾಣದ ಬಾಗಿಲು ತಳ್ಳಿದ ನಾನು ಚೀರಿ ಬಕೆಟ್ ಕೈಬಿಟ್ಟೆ.

“ಯಾಕವ್ವ ಹಂಗೆ ಕಿರುಚ್ತೀಯ? ಸರ್ವಾಂಗಾಸನ ಇದು. ನೀರು ಹಂಡೇಲಿ ಐತೆ, ತಗಂಡು ಹೋಗು,” ಎಂದಿತು ಮೂಟೆಗಳ ಹಿಂದಿನ ದನಿ.

ಅವರು ಚಿತ್ರದುರ್ಗದ ನಮ್ಮ ನರ್ಸಿಂಗ್ ಹಾಸ್ಟೆಲಿನ ಅಡುಗೆ ಅಕ್ಕ. ಹೊಸದುರ್ಗದ ಕಡೆಯ ಕುರಿ ಸಾಕುವ ಮನೆಯವರು. ಹಿಂದೆ ಬಬ್ಬೂರಿನ ಕೃಷಿ ಫಾರಂನಲ್ಲಿ ಕೂಲಿ ಮಾಡುವಾಗ ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿತ್ತಂತೆ. ಅಲ್ಲಿ ಸಿಬ್ಬಂದಿಯ ಮನೆಯ ಹೆಂಗಸರು ಯೋಗ ಕಲಿಯುತ್ತಿದ್ದ ಹಾಲ್ ಗುಡಿಸಲು ಹೋಗಿ, ಪೊರಕೆಯನ್ನು ಗೋಡೆಗೆ ಒರಗಿಸಿ, ಹಿಂದಿನ ಸಾಲಿನಲ್ಲಿ ನಿಂತು ಕಲಿತದ್ದಂತೆ.

ನಮಗೋ ಬೆಳಿಗ್ಗೆ ಆಸ್ಪತ್ರೆ ಡ್ಯೂಟಿ, ಮಧ್ಯಾಹ್ನ ಕ್ಲಾಸು, ಸಂಜೆ ರೆಕಾರ್ಡ್ ಬರೆಯುವುದು. ಟೈಮ್ ಇಲ್ಲ ಅಂದರೆ ಅಕ್ಕ ಬಿಡುತ್ತಿರಲಿಲ್ಲ.

“ಉಸಿರಾಡಾಕೆ ಟೈಮ್ ಐತಲ್ಲ? ಅದನ್ನೇ ನೆಟ್ಟಗೆ ಆಡ್ರಿ ಅಂತೀನಿ, ಅಷ್ಟೇಯ.”

ಒಗೆದ ಗೋಣಿಚೀಲಗಳೇ ನಮ್ಮ ಚಾಪೆ. ಬೇಳೆಯ ಕುಕ್ಕರ್ ಕೂಗುವವರೆಗೆ ಊಟದ ಹಾಲಿನಲ್ಲಿ ತಾಡಾಸನ, ಭುಜಂಗಾಸನ. ನನಗೆ ದಿನವೂ ಬರುತ್ತಿದ್ದ ತಲೆನೋವು ಕಡಿಮೆಯಾಯಿತು, ನಿದ್ದೆ ಹತ್ತತೊಡಗಿತು. ಅನಾಟಮಿಯಲ್ಲಿ ಒಮ್ಮೆ ಫೇಲಾಗಿದ್ದೆ. ಮರುಪರೀಕ್ಷೆಯ ಬೆಳಿಗ್ಗೆ ಪೆನ್ನು ಹಿಡಿಯಲಾಗದಂತೆ ಕೈ ನಡುಗುತ್ತಿತ್ತು. ಅಕ್ಕ ಗೇಟಿನ ಬಳಿ ಮಣಿಕಟ್ಟು ಹಿಡಿದು, “ನಾಲ್ಕು ಎಣಿಸಿ ಒಳಕ್ಕೆ ತಗಾ, ಆರು ಎಣಿಸಿ ಹೊರಕ್ಕೆ ಬಿಡು” ಎಂದು ನಡುಕ ನಿಲ್ಲುವವರೆಗೂ ಎಣಿಸಿದರು. ಆ ಸಲ ಪಾಸಾದೆ.

ಕೊನೆಯ ವರ್ಷದ ಪರೀಕ್ಷೆಗಳು ನಡೆಯುತ್ತಿದ್ದವು. ಬೆಳಿಗ್ಗೆ ಊಟದ ಹಾಲಿನಲ್ಲಿ ಓದುತ್ತಾ ಕುಳಿತಿದ್ದೆ. ಅಕ್ಕ ಸೆರಗಿನಿಂದ ಬೆವರು ಒರೆಸುತ್ತಾ ಬಂದರು.

“ಎದೆ ಒಂಥರಾ ಬಿಗಿದಂಗೆ ಐತೆ ಕಣವ್ವ. ಎಡಗೈ ಜೋಮು ಹಿಡಿದೈತೆ. ಏನಿದು?”

“ಗ್ಯಾಸ್ ಅಕ್ಕ,” ಅಂದೆ, ಪುಸ್ತಕದಿಂದ ತಲೆ ಎತ್ತಲಿಲ್ಲ. “ನೀವೇ ಹೇಳ್ತೀರಲ್ಲ, ನಾಲ್ಕು ಎಣಿಸಿ ಉಸಿರು ತಗೊಳ್ಳಿ.”

“ನನ್ ಪಾಠ ನಂಗೇನಾ?” ಎಂದು ನಗುತ್ತಾ ಒಳಗೆ ಹೋದರು.

ಎರಡು ದಿನದ ಹಿಂದಷ್ಟೇ ಇದೇ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಒಂದೂ ಬಿಡದಂತೆ ಬರೆದು ಬಂದಿದ್ದವಳು ನಾನು.

ತಿಂಡಿಗೆ ಹೋದಾಗ ಅಕ್ಕ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಕಣ್ಣು ಮುಚ್ಚಿ ಕುಳಿತಿದ್ದರು. “ಶ್, ಅಕ್ಕ ಪ್ರಾಣಾಯಾಮ ಮಾಡ್ತಿದಾರೆ,” ಎಂದಳು ಗೆಳತಿ. ನಾವು ಎಂಟು ಜನ, ಎಂಟೂ ಜನ ನರ್ಸಿಂಗ್ ಓದುತ್ತಿದ್ದವರು, ಸದ್ದು ಮಾಡದೆ ತಟ್ಟೆ ಹಿಡಿದು ಕಾದೆವು. ಒಲೆಯ ಮೇಲೆ ಉಪ್ಪಿಟ್ಟು ಸೀಯುವ ವಾಸನೆ ಬಂತು. ಅಕ್ಕ ಅಲುಗಲಿಲ್ಲ. ಉಪ್ಪಿಟ್ಟು ಸೀಯಲು ಬಿಡುವವರಲ್ಲ ಅವರು. ಓಡಿಹೋಗಿ ಕುತ್ತಿಗೆಗೆ ಬೆರಳಿಟ್ಟೆ. ನಾಡಿ ಇರಲಿಲ್ಲ.

ನೆಲಕ್ಕೆ ಮಲಗಿಸಿ ಎದೆ ಒತ್ತಿದೆವು. ಆಟೋದಲ್ಲೂ ಒತ್ತುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೈಬಿಟ್ಟ ಮೇಲೆ ಕೇಳಿದರು: “ಮೊದಲೇ ಏನಾದರೂ ನೋವು ಅಂದಿದ್ದರಾ?” ಗೆಳತಿಯರು ಇಲ್ಲವೆಂದು ತಲೆಯಾಡಿಸಿದರು. ನಾನು ಅಕ್ಕನ ಸೆರಗು ಸರಿಪಡಿಸುತ್ತಾ ನಿಂತೆ.

ಹೊಸದುರ್ಗದಿಂದ ಬಂದ ಅವರ ತಮ್ಮ ನಮ್ಮನ್ನು ನೋಡಿ ಕಣ್ಣೊರೆಸಿಕೊಂಡರು. “‘ಮನೆ ತುಂಬ ನರ್ಸುಗಳವ್ರೆ, ನಂಗೇನ್ ಭಯ’ ಅಂತಿದ್ಲು ನಮ್ಮಕ್ಕ.”

ಈಗ ಹಿರಿಯೂರಿನಲ್ಲಿ ನರ್ಸ್ ಆಗಿದ್ದೇನೆ. ಡ್ಯೂಟಿಗೆ ಮುಂಚೆ ಅವರು ಕಲಿಸಿದ್ದನ್ನೆಲ್ಲ ದಿನವೂ ಮಾಡುತ್ತೇನೆ. ಎದೆ ಬಿಗಿಯುತ್ತಿದೆ ಎಂದು ಬಂದವರಿಗೆ ಮಾತ್ರ ಉಸಿರಿನ ಪಾಠ ಹೇಳುವುದಿಲ್ಲ. ಮೊದಲು ಮಲಗಿಸಿ ಇಸಿಜಿ ತೆಗೆಯುತ್ತೇನೆ.

ಹೋದ ವರ್ಷ ಅವರ ತಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ, “ಬಿಡವ್ವ, ನೀನು ಆಸ್ಪತ್ರೆಗೆ ಹೋಗಾಣ ಅಂದಿದ್ರೂ ಒಲೆ ಬಿಟ್ಟು ಬರ್ತಿರ್ಲಿಲ್ಲ ಅವಳು,” ಎಂದರು.

ಇರಬಹುದು. ಆದರೆ ನಾನು ಹೋಗೋಣ ಅನ್ನಲೇ ಇಲ್ಲ.