ಬ್ಯಾಟರಿ ಬರುತ್ತದೆ ಎಂದಿದ್ದರು

ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ಮೊಬೈಲ್ ಟವರ್ ಇದೆ. ಅದರ ಪಕ್ಕದಲ್ಲಿ ಡೀಸೆಲ್ ಜನರೇಟರ್ ಇತ್ತು. ಕರೆಂಟ್ ಹೋದಾಗಲೆಲ್ಲ ಅದನ್ನು ಚಾಲೂ ಮಾಡುವುದು ನನ್ನ ಗಂಡನ ಕೆಲಸ; ಆ ಕೆಲಸಕ್ಕೆಂದೇ ಇರಲು ಒಂದು ಖೋಲಿ, ಒಂದೇ ಕೋಣೆ, ಕೊಟ್ಟಿದ್ದರು. ಡೀಸೆಲ್ ಕದಿಯುತ್ತಾರೆಂದು, ಅದು ನಿಲ್ಲುವ ತನಕ ಪಕ್ಕದಲ್ಲೇ ಕೂತಿರಬೇಕೆಂಬ ಹುಕುಂ ಬೇರೆ. ಇಡೀ ಬಿಲ್ಡಿಂಗ್ ಫೋನಿನಲ್ಲಿ ಹರಟುತ್ತಿತ್ತು, ಇವರು ಹೊಗೆ ಕುಡಿಯುತ್ತಿದ್ದರು.

ಕೆಮ್ಮು ಎದೆಗಿಳಿಯಿತು. ಹೊಗೆಯ ಹತ್ತಿರ ಸುಳಿದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಕೆಲಸ ಬಿಡಿ ಎಂದು ನಾನು ಜಗಳಕ್ಕೇ ನಿಂತೆ.

"ಕೆಲ್ಸಾ ಬಿಟ್ರ ಈ ಖೋಲಿನೂ ಬಿಡಬೇಕಾಗ್ತೈತಿ. ಎಲ್ಲಿ ಹೋಗೂಣು?" ಎಂದರು. "ಜನರೇಟರ್ ತಗದು ಬ್ಯಾಟರಿ ಇಡ್ತಾರಂತ, ಟವರ್ ಕಂಪನಿ ಸೂಪರ್‌ವೈಜರ್ ಹೇಳ್ಯಾನ. ಆಮ್ಯಾಲ ಹೊಗಿನ ಇರೂದಿಲ್ಲ. ಸ್ವಲ್ಪ ತಡಿ."

ತಡೆದೆ. ಬೇರೆ ದಾರಿ ಏನಿತ್ತು? ಗೋರೆಗಾಂವ್‌ನಲ್ಲಿ ಬಂತಂತೆ, ದಹಿಸರ್‌ನಲ್ಲಿ ಬಂತಂತೆ ಎಂದು ಮದುವೆ ಸುದ್ದಿ ಹೇಳುವಂತೆ ಹಿಗ್ಗಿ ಹೇಳುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಏದುಸಿರು. ನನಗೆ ಆ ಸೂಪರ್‌ವೈಜರ್ ಮೇಲೆ, ಟವರಿನ ಮೇಲೆ, ಇವರ ಹಾಳು ಭರವಸೆಯ ಮೇಲೂ ಸಿಟ್ಟು. ಮೆಟ್ಟಿಲು ಹತ್ತಲಾಗದೆ ಹಾಸಿಗೆ ಹಿಡಿದರು, ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಬಿಲ್ಡಿಂಗಿನ ಸೊಸೈಟಿಯವರು ಮೆಟ್ಟಿಲು ಗುಡಿಸುವ ಕೆಲಸ ಕೊಟ್ಟು ನನ್ನನ್ನು ಅದೇ ಖೋಲಿಯಲ್ಲಿ ಉಳಿಸಿಕೊಂಡರು.

ದೀಪಾವಳಿಗೆ ಮುಂಚೆ ಬ್ಯಾಟರಿ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಜೊತೆಗೆ ಬಂದ ಇಂಜಿನಿಯರ್ ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನನಗೆ ಎಲ್ಲ ವಿವರಿಸಿದಳು.

"ಆಂಟಿ, ಈಗ ಧುಆ, ಹೊಗೆ, ಬಿಲ್ಕುಲ್ ಇಲ್ಲ. ಹೊಸ ಫೈವ್‌ಜಿ ಮಶೀನ್ ಕೂಡ ಸ್ಮಾರ್ಟ್ ಇದೆ. ಯಾರೂ ಫೋನ್ ಯೂಸ್ ಮಾಡ್ತಾ ಇಲ್ಲಾಂದ್ರೆ ತಾನೇ ಮಲಗುತ್ತೆ. ಬಿಜ್ಲಿ ಉಳಿಯುತ್ತೆ, ಕಾರ್ಬನ್ ಕಮ್ಮಿ."

ಮಲಗುತ್ತದಂತೆ! ಇವರು ಕೊನೆಯ ದಿನಗಳಲ್ಲಿ, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಇರುತ್ತಿದ್ದರು. ಯಂತ್ರಕ್ಕೆ ಸಿಕ್ಕಿದ ವಿಶ್ರಾಂತಿ ಇವರಿಗೆ ಸಿಗಲಿಲ್ಲ.

ಹುಡುಗಿ ಹೊಸ ಪೆಟ್ಟಿಗೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿಯನ್ನು ನನ್ನ ಕೈಗಿಟ್ಟಳು. "ಬಿಲ್ಡಿಂಗ್‌ನಲ್ಲಿ ಎಲ್ಲರಿಗಿಂತ ಪುರಾನೇ, ಹಳಬರು, ನೀವೇ ಅಂತೆ. ನೀವೇ ಒಡೀರಿ." ಪಾಪ, ಅವಳಿಗೇನು ಗೊತ್ತು. ಗಂಡ ಸತ್ತವಳು ಶುಭಕಾರ್ಯದ ಕಾಯಿ ಒಡೆಯಬಾರದೆಂದು ಎರಡನೇ ಮಹಡಿಯಾಕೆ ಓಡಿಬಂದು ಕೈಚಾಚಿದರು. ನಾನು ಕೊಡಲಿಲ್ಲ.

ಇದ್ದ ಬಲವನ್ನೆಲ್ಲ ಹಾಕಿ ಕಾಯಿ ಅಪ್ಪಳಿಸಿದೆ. ಒಂದೇ ಏಟಿಗೆ ಹೋಳಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಒಂದು ಮಳಿಗಾಲ ಮೊದಲ ಬರಾಕ ನಿನಗೇನಾಗಿತ್ತು?" ಎಂದು ಆ ಪೆಟ್ಟಿಗೆಯನ್ನೇ ಕೇಳುತ್ತ ಅಲ್ಲೇ ಕುಸಿದು ಅತ್ತೆ.