ಕಾಳಿಲ್ಲದೆ ಓಡಿದ ಮಿಲ್ಲು

ಮೊನ್ನೆ ಖಾರದಪುಡಿಯ ಹೊಸ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಡಬ್ಬಿಗೆ ಸುರಿಯುವಾಗ, ಅಭ್ಯಾಸಬಲದಿಂದ ಮುಖ ಆ ಕಡೆ ತಿರುಗಿಸಿ, ದುಪಟ್ಟಾ ಮೂಗಿಗೆ ಒತ್ತಿಕೊಂಡು ಸೀನಿಗೆ ಕಾದು ನಿಂತೆ. ಸೀನೇ ಬರಲಿಲ್ಲ. ಬಗ್ಗಿ ಡಬ್ಬಿಯೊಳಗೇ ಮೂಗಿಟ್ಟೆ. ಊಹೂಂ. ಬಣ್ಣ ನೋಡಿದರೆ ಕುಂಕುಮ, ವಾಸನೆ ನೋಡಿದರೆ ಇಟ್ಟಿಗೆ ಪುಡಿ. ಸೀನು ಬರಿಸದ ಖಾರದಪುಡಿಯನ್ನು ಯಾವ ಧೈರ್ಯದ ಮೇಲೆ ಮಾರುತ್ತಾರೋ ಶಿವನೇ ಬಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಶನಿವಾರ ಎಂದರೆ ಬೀದಿಗೆ ಬೀದಿಯೇ ಸೀನುವ ದಿನ. ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ, ಮುಂದುಗಡೆ ಅಪ್ಪನ ಹಿಟ್ಟಿನ ಮಿಲ್ಲು, ಹಿಂದುಗಡೆ ಎರಡು ಕೋಣೆಯ ನಮ್ಮ ಮನೆ. ಶನಿವಾರ ಖಾರದ ಮಿಷನ್ನು ಶುರುವಾಯಿತೆಂದರೆ ಪಕ್ಕದ ಮನೆಯ ಮಗು ಸೀನುತ್ತಿತ್ತು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಸೀನುತ್ತಲೇ ಬಸ್ಸಿಗೆ ಓಡುತ್ತಿದ್ದರು, ಅಮ್ಮ ಸೀನುತ್ತಾ ಸೀನುತ್ತಾ ಅಪ್ಪನನ್ನು ಬೈಯುತ್ತಿದ್ದಳು. ಹುರಿದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚೂರು ಮೆಂತ್ಯ, ಇವೆಲ್ಲ ಬಿಸಿಬಿಸಿಯಾಗಿ ಪುಡಿಯಾಗಿ ಇಳಿಯುವಾಗಿನ ಆ ಘಾಟು ನನ್ನ ಸ್ಕೂಲ್ ಯೂನಿಫಾರ್ಮಿಗೂ ಹತ್ತಿರುತ್ತಿತ್ತು. ಬೆಂಚಿನಲ್ಲಿ ಪಕ್ಕ ಕೂತವಳು, 'ಏ ಗಿರಿಜಾ, ನಿನ್ನ ಪಕ್ಕ ಕೂತ್ರೆ ಹಸಿವಾಗುತ್ತೆ ಕಣೇ' ಅನ್ನುತ್ತಿದ್ದಳು.

ವಾರದ ಉಳಿದ ದಿನಗಳ ವಾಸನೆ ಬೇರೆ. ಬೆಳಿಗ್ಗೆ ರಾಗಿ, ಆಮೇಲೆ ಗೋಧಿ, ಮಧ್ಯಾಹ್ನದ ಮೇಲೆ ಅಕ್ಕಿ. ಹೊಸದಾಗಿ ಬೀಸಿದ ರಾಗಿಹಿಟ್ಟಿಗೆ ಮಳೆ ಬಿದ್ದ ನೆಲದ್ದೇ ಒಂದು ವಾಸನೆ ಇರುತ್ತದೆ, ಮುಟ್ಟಿದರೆ ಮಲಗಿ ಎದ್ದ ಮಗುವಿನ ಕೆನ್ನೆಯಷ್ಟು ಬೆಚ್ಚಗೆ. ನಮ್ಮ ಮಿಲ್ಲಿನಲ್ಲಿ ಕ್ಯೂ ನಿಲ್ಲುತ್ತಿದ್ದದ್ದು ಡಬ್ಬಗಳು, ಜನ ಅಲ್ಲ. ಹೆಂಗಸರು ಬಂದು ತಮ್ಮ ಡಬ್ಬ ಸಾಲಿನಲ್ಲಿಟ್ಟು, 'ರುದ್ರಣ್ಣ, ನಂದು ಸ್ವಲ್ಪ ತರಿ ಇರಲಿ' ಅಂತ ಹೇಳಿ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ವಾಪಸ್ ಬರುತ್ತಿದ್ದರು. ಯಾರ ಮನೆಯ ರೊಟ್ಟಿಗೆ ಎಷ್ಟು ನುಣುಪು ಬೇಕು, ಯಾರ ಮನೆಯಲ್ಲಿ ಹಲ್ಲಿಲ್ಲದ ಅಜ್ಜಿ ಇದ್ದಾರೆ, ಅಪ್ಪನಿಗೆ ಗೊತ್ತಿತ್ತು. ಎದುರು ಮನೆಯ ಶಾರದಮ್ಮ ಆಂಟಿಯ ಡಬ್ಬವನ್ನು ಮಾತ್ರ ಯಾರೂ ಹಿಂದೆ ತಳ್ಳುತ್ತಿರಲಿಲ್ಲ. ಬೀದಿಯಲ್ಲಿ ಅವರ ಮಾತೇ ಮಾತು. ಅವರು ಯಾವ ತರಕಾರಿ ಗಾಡಿ ನಿಲ್ಲಿಸಿದರೆ ಬೀದಿಯೆಲ್ಲ ಆ ಗಾಡಿಗೇ ಮುತ್ತುತ್ತಿತ್ತು. ಅಪ್ಪನ ಮೈ ಕೈ, ಹುಬ್ಬು, ಕಿವಿಯ ಕೂದಲು, ಎಲ್ಲ ಬೆಳ್ಳಗೆ. ಸಂಜೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡರೆ ಯಾವುದು ವಿಭೂತಿ, ಯಾವುದು ಹಿಟ್ಟು ಗೊತ್ತಾಗುತ್ತಿರಲಿಲ್ಲ.

ಅಪ್ಪ ದಾವಣಗೆರೆ ಕಡೆಯವರು. ಚಿಕ್ಕ ವಯಸ್ಸಿಗೇ ಬೆಂಗಳೂರಿಗೆ ಬಂದು, ಯಾರದೋ ಮಿಲ್ಲಿನಲ್ಲಿ ಕೆಲಸ ಕಲಿತು, ತಾವೇ ಒಂದು ಹಾಕಿದವರು. ಹಾಗೆ ಮೇಲೆ ಬಂದವರಿಗೆ ಒಂದು ಕಾಯಿಲೆ ಇರುತ್ತದೆ ನೋಡಿ. ನನಗೂ ಬಳುವಳಿಯಾಗಿ ಬಂದಿದೆ, ಅದಕ್ಕೇ ಹೇಳುತ್ತಿದ್ದೇನೆ. ಬಸವೇಶ್ವರನಗರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಬಾಡಿಗೆ ಏರುತ್ತದೆ, ಟೈಲರ್‌ಗಳು ನಿಲ್ಲುವುದಿಲ್ಲ, ಜನ ಫೋನಿನಲ್ಲೇ ರೆಡಿಮೇಡ್ ತರಿಸಿಕೊಳ್ಳುತ್ತಾರೆ, ಮುಂದಿನ ತಿಂಗಳು ಹೇಗಿರುತ್ತದೋ ಬ್ರಹ್ಮನಿಗೂ ಗೊತ್ತಿಲ್ಲ. ಆದರೂ ಯಾರಾದರೂ 'ವ್ಯಾಪಾರ ಹೇಗಿದೆ ಮೇಡಂ?' ಅಂದರೆ ನಾಲಿಗೆ ತಾನೇ ತಾನಾಗಿ 'ಪರವಾಗಿಲ್ಲ, ಚೆನ್ನಾಗಿದೆ' ಅನ್ನುತ್ತದೆ. ಅಪ್ಪ ಇದರಲ್ಲಿ ನನ್ನನ್ನೂ ಮೀರಿಸಿದವರು. ಅವರ ಧೈರ್ಯ ನೋಡಿ ಅಮ್ಮನಿಗೆ ಮೈ ಉರಿಯುತ್ತಿತ್ತು. 'ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂದ್ನಂತೆ' ಅಂತ ಅವಳು ಪಾತ್ರೆ ಕುಕ್ಕಿದರೆ, ಅಪ್ಪ ಮೀಸೆ ಮೇಲಿನ ಹಿಟ್ಟು ಒರೆಸಿಕೊಂಡು ನಗುತ್ತಿದ್ದರು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ನಗುವಿಗೆ ಕಷ್ಟ ಬಂತು. ಮೇನ್ ರೋಡಿನಲ್ಲಿ ದೊಡ್ಡ ಅಂಗಡಿಯೊಂದು ತೆರೆದು, ಗೋಧಿಹಿಟ್ಟು, ರಾಗಿಹಿಟ್ಟು ಎಲ್ಲ ಪ್ಯಾಕೆಟ್ಟಿನಲ್ಲಿ ಜೋಡಿಸಿಟ್ಟರು. ಅದೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆವು. ಅದೇ ಮಳೆಗಾಲಕ್ಕೆ ಸರಿಯಾಗಿ ನಮ್ಮ ಬೀದಿಯನ್ನು ಪೈಪಿಗೆಂದು ಅಗೆದರು. ಅಗೆದವರು ಅಗೆದು ಹೋದರು, ಮುಚ್ಚುವವರು ಬರಲೇ ಇಲ್ಲ. ಮಿಲ್ಲಿನ ಬಾಗಿಲಿಗೇ ಗುಂಡಿ, ಗುಂಡಿಯ ತುಂಬ ಕೆಂಪು ನೀರು, ನೀರಿನ ಮೇಲೆ ಅಲ್ಲಾಡುವ ಒಂದು ಹಲಗೆ. ಸೊಂಟದ ಮೇಲೆ ಡಬ್ಬ ಇಟ್ಟುಕೊಂಡು ಆ ಹಲಗೆ ದಾಟಿ ಬರಲು ಯಾವ ಹೆಂಗಸಿಗೆ ಹುಚ್ಚು? ಎಲ್ಲರೂ ಪ್ಯಾಕೆಟ್ಟಿಗೆ ಹೋದರು. ಡಬ್ಬಗಳ ಸಾಲು ಕರಗಿ, ಕೊನೆಗೆ ಒಂದು ಡಬ್ಬವೂ ಬಾರದ ದಿನಗಳು ಬಂದವು. ಅಂಥ ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿರುವಾಗ ಮಿಲ್ಲು ಗುಡುಗುಟ್ಟಿತು. ಅಬ್ಬಾ, ಯಾರೋ ಬಂದರು ಅಂತ ಜಡೆ ಅರ್ಧಕ್ಕೇ ಬಿಟ್ಟು ಓಡಿದೆ. ಯಾರೂ ಇರಲಿಲ್ಲ. ಮಿಷನ್ನಿನ ಮೇಲೆ ಕಾಳು ಸುರಿಯುವ ಡಬ್ಬದಲ್ಲಿ ಒಂದು ಕಾಳೂ ಇಲ್ಲ. ಮಿಷನ್ನು ಸುಮ್ಮನೆ ತಿರುಗುತ್ತಿತ್ತು, ಅಪ್ಪ ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟು, ಕೆಲಸ ಜೋರಾಗಿ ನಡೆಯುತ್ತಿರುವವರಂತೆ ನಿಂತಿದ್ದರು.

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. 'ರೀ, ಏನ್ರೀ ಇದು? ತಲೆ ನೆಟ್ಟಗಿದೆಯಾ ನಿಮಗೆ?'

'ಸದ್ದು ಕೇಳಬೇಕು ಕಣೇ' ಅಂದರು ಅಪ್ಪ, ಗುಟ್ಟು ಹೇಳುವವರಂತೆ. 'ಸದ್ದು ನಿಂತ್ರೆ ರುದ್ರಪ್ಪ ಮುಚ್ಕೊಂಡು ಹೋದ ಅಂತಾರೆ ಜನ. ಅಂದ್ಮೇಲೆ ರೋಡ್ ಸರಿಹೋದ್ರೂ ಯಾವೋಳೂ ಬರಲ್ಲ.'

ಇನ್ನು ಶುರುವಾಯಿತು ನೋಡಿ ನಿತ್ಯದ ಪೂಜೆ. ಹೆಂಗಸರು ಅಡುಗೆಮನೆಯಲ್ಲಿರುವ ಹೊತ್ತು ನೋಡಿ ಅಪ್ಪ ಖಾಲಿ ಮಿಲ್ಲು ಓಡಿಸುತ್ತಿದ್ದರು. ಅದಾದರೂ ನೆಟ್ಟಗೆ ಮಾಡಿದರೇ? ಕಾಳಿಲ್ಲದಾಗ ಬೀಸುವ ಕಲ್ಲುಗಳನ್ನು ದೂರ ಸರಿಸಬೇಕು, ಇಲ್ಲದಿದ್ದರೆ ಕಲ್ಲಿಗೆ ಕಲ್ಲು ತಿಕ್ಕಿ ಸವೆಯುತ್ತದೆ, ಚೂರು ಏಳುತ್ತದೆ. ಈ ಮಾತು ನನಗೂ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲವೇ? ಆದರೆ ದೂರ ಸರಿಸಿದರೆ ಬೀಸುವ ಸದ್ದು ಬರುವುದಿಲ್ಲ, ಬರೀ ಮೋಟಾರಿನ ಗುಯ್ ಗುಯ್. ಅದಕ್ಕೇ ಅಪ್ಪ ಕಲ್ಲುಗಳನ್ನು ಹತ್ತಿರ ತಂದು ಇಟ್ಟರು. 'ಈಗ ಕೇಳು, ರಾಗಿ ಬಿದ್ದ ಹಾಗೇ ಇದೆ' ಅಂದರು. ರಾಗಿಯಂತೆ ರಾಗಿ! ಹಲ್ಲು ಕಡಿದ ಹಾಗಿತ್ತು. ಅಮ್ಮ ಬೈದಳು, ಬೇಡಿಕೊಂಡಳು, ಎರಡು ದಿನ ಮಾತು ಬಿಟ್ಟಳು. ಆಮೇಲೆ ಒಂದು ಸಂಜೆ ಅವರ ಮುಂದೆ ಕೂತು, 'ಶಾರದಮ್ಮನವರ ಹತ್ರ ಒಂದು ಮಾತು ಹೇಳಿ. ವ್ಯಾಪಾರ ಬಿದ್ದೋಗಿದೆ ಅನ್ನಿ. ಅವರೇನು ಹೊರಗಿನೋರಾ?' ಅಂದಳು. ಅಪ್ಪ ಆಕಾಶ ಕಳಚಿ ಬಿದ್ದ ಹಾಗೆ ನೋಡಿದರು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಅನ್ನುವ ಪದ್ಧತಿ. ಮಿಲ್ಲಿನ ಹೊಸ್ತಿಲೊಳಗೆ 'ಇಲ್ಲ' ಅನ್ನುವ ಹಾಗೇ ಇಲ್ಲ. ಅಂಥದ್ದರಲ್ಲಿ ಅಪ್ಪ ಎದುರು ಮನೆಗೆ ಹೋಗಿ ವ್ಯಾಪಾರ ಇಲ್ಲ ಅನ್ನುವುದೇ? 'ಲಕ್ಷ್ಮಿ ಹೊರಟುಹೋಗ್ತಾಳೆ ಕಣೇ' ಅಂದರು. 'ಅವಳು ಹೋಗಿ ಯಾವ ಕಾಲ ಆಯ್ತು, ನಿಮ್ಮ ಗಲಾಟೆ ತಡೀಲಾರದೆ' ಅಂದಳು ಅಮ್ಮ.

ಅಂತೂ ಇಂತೂ ಗುಂಡಿ ಮುಚ್ಚಿದರು. ಮಳೆಯೂ ನಿಂತಿತು. ಒಂದು ಮಧ್ಯಾಹ್ನ ಶಾರದಮ್ಮ ಆಂಟಿ ತಾವೇ ಬಂದರು, ಜೊತೆಗೆ ಎರಡು ದೊಡ್ಡ ಡಬ್ಬದ ತುಂಬ ತೊಳೆದು ಒಣಗಿಸಿದ ಅಕ್ಕಿ. ಮಗಳ ಸೀಮಂತ, ಚಕ್ಕುಲಿ ಕೋಡುಬಳೆಗೆ ಹಿಟ್ಟು ಬೇಕಂತೆ. 'ಪ್ಯಾಕೆಟ್ ಹಿಟ್ಟಲ್ಲಿ ಚಕ್ಕುಲಿ ಬಿರುಕು ಬಿಡುತ್ತೆ ರುದ್ರಣ್ಣ, ನೀವೇ ಸರಿ' ಅಂದರು. ಅಪ್ಪನ ಮುಖ ನೋಡಬೇಕಿತ್ತು ನೀವು. ಆಂಟಿ ಬಂದರೆ ಬೀದಿ ಬಂದ ಹಾಗೆ. ಅಮ್ಮ ಒಳಗಿನಿಂದ ಕಣ್ಣಲ್ಲೇ ಸನ್ನೆ ಮಾಡಿದಳು, ಮೊದಲು ಕಲ್ಲು ಸರಿಮಾಡಿಸಿ ಅಂತ. ಸವೆದ ಕಲ್ಲನ್ನು ಉಳಿಯಿಂದ ಕೆತ್ತಿ ಒರಟು ಮಾಡುವವನನ್ನು ಕರೆಸಬೇಕಿತ್ತು. ಕರೆಸಿದರೆ ಮಿಲ್ಲು ಎರಡು ದಿನ ನಿಲ್ಲಿಸಬೇಕು. ನಿಲ್ಲಿಸಿದರೆ ಸದ್ದು ನಿಲ್ಲುತ್ತದೆ! 'ಏನೂ ಆಗಲ್ಲ, ನಾನಿದೀನಲ್ಲ' ಅಂದುಬಿಟ್ಟರು ಅಪ್ಪ. ಅವತ್ತು ಆ ಅಕ್ಕಿ ಬೀಳುವಾಗಿನ ಸದ್ದು ಎಷ್ಟು ತುಂಬಿಕೊಂಡಿತ್ತೆಂದರೆ, ಅಷ್ಟು ದಿನ ಬೈದ ಅಮ್ಮನೂ ಒಲೆ ಮುಂದೆ ಸುಮ್ಮನೆ ಕೂತು ಕೇಳಿದಳು. ಹಿಟ್ಟಿನ ಬಿಸಿ ಗಾಳಿ ಮನೆಯೊಳಗೆ ಬಂತು. ನಾನು ಖುಷಿಯಲ್ಲಿ ಓದುವುದನ್ನು ಬಿಟ್ಟು ಬಾಗಿಲಲ್ಲೇ ನಿಂತಿದ್ದೆ.

ಚಕ್ಕುಲಿ ಕಡಿದರೆ ಕರಕರ ಅನ್ನಬೇಕು, ಕಟಕಟ ಅನ್ನಬಾರದು. ಸೀಮಂತದ ದಿನ ಮೊದಲು ಕಡಿದವರು ಬೀಗರ ಕಡೆಯ ಹಿರಿಯರು. ಬಾಯಿಂದ ಅವರು ತೆಗೆದದ್ದು ಕಲ್ಲಿನ ಚೂರು, ಅದರ ಜೊತೆ ಮುರಿದ ಹಲ್ಲಿನದೊಂದು ತುಣುಕು. ತುಂಬಿದ ಮನೆಯಲ್ಲಿ ಆಂಟಿ ಮುಖ ಎಲ್ಲಿಟ್ಟುಕೊಳ್ಳಬೇಕು? ಮಾಡಿದ ತಿಂಡಿಯೆಲ್ಲ ಹಾಗೇ ಚೆಲ್ಲಿದರಂತೆ. ಮಾರನೆಯ ದಿನ ಅವರು ಮಿಲ್ಲಿನ ಬಾಗಿಲಿಗೆ ಬಂದರು. ಕೂಗಾಡುತ್ತಾರೆ ಅಂತ ನಾನು ಅಮ್ಮನ ಸೀರೆ ಹಿಡಿದುಕೊಂಡು ನಿಂತೆ. ಅವರು ಕೂಗಲಿಲ್ಲ.

'ನೀವು ಖಾಲಿ ಓಡಿಸ್ತಾ ಇದ್ರಿ ಅಂತ ಬೀದಿಗೆಲ್ಲ ಗೊತ್ತಿತ್ತು ರುದ್ರಣ್ಣ' ಅಂದರು. 'ಇಷ್ಟು ವರ್ಷ ಕೇಳಿದ ಕಿವಿ, ಗೊತ್ತಾಗಲ್ವಾ? ನೀವೇ ಜೋರಾಗಿ ನಡೀತಿದೆ ಅಂತಿದ್ರಿ. ಮುಖದ ಮೇಲೆ ಹೇಗೆ ಕೇಳೋದು ಅಂತ ಸುಮ್ನಾದ್ವಿ. ಒಂದೇ ಒಂದು ಮಾತು ಹೇಳಿದ್ರೆ ಆ ಹಲಗೆ ಮೇಲೇ ಎಲ್ಲಾರೂ ಡಬ್ಬ ಹೊತ್ಕೊಂಡು ಬರ್ತಿದ್ವಲ್ಲ.'

ಆಂಟಿ ಹೋದ ಮೇಲೆ ಅಪ್ಪ ಮಿಷನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಮತ್ತೆ ಡಬ್ಬಗಳು ಬರಲಿಲ್ಲ. ಸಿಟ್ಟಿನಿಂದ ಅಲ್ಲ, ಹಲ್ಲಿನ ಭಯದಿಂದ. ಕಲ್ಲು ಕೆತ್ತಿಸಿದರು, ಹೊಸದೇ ಹಾಕಿಸುತ್ತೇನೆಂದು ಓಡಾಡಿದರು, ಏನು ಮಾಡಿದರೂ ಹೋದ ಹೆಸರು ಹೋಯಿತು. ಎರಡೂ ಮಿಷನ್ನುಗಳನ್ನು ಗಾಡಿಗೆ ಹೇರಿಸಿಕೊಂಡು ಯಾರೋ ಕೊಂಡೊಯ್ದ ದಿನ ಅಮ್ಮ ನೆಲಕ್ಕೆ ನೀರು ಹೊಯ್ದು ತಿಕ್ಕಿದಷ್ಟೂ ಗೋಡೆಯ ಸಂದಿಯಿಂದ ಹಿಟ್ಟು ಬರುತ್ತಲೇ ಇತ್ತು. ಅವಳು ತಿಕ್ಕುತ್ತಾ ಅತ್ತಳು, ಅಳುತ್ತಾ ಬೈದಳು. ಈಗ ಆ ಜಾಗದಲ್ಲಿ ನಾಲ್ಕು ಮಹಡಿಯ ಪೀಜಿ ಎದ್ದಿದೆ. ಅಪ್ಪ ಇಲ್ಲ, ಶಾರದಮ್ಮ ಆಂಟಿ ಇಲ್ಲ. ಅಮ್ಮ ಕೆಂಗೇರಿ ಉಪನಗರದಲ್ಲಿ ನನ್ನ ಜೊತೆ ಇದ್ದಾಳೆ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ನಾನು ಇಟ್ಟುಕೊಂಡಿದ್ದೇನೆ. ಪ್ರೀತಿಯೂ ಇದೆ, ಸಿಟ್ಟೂ ಇದೆ, ಎರಡೂ ಒಟ್ಟಿಗೇ ಬರುತ್ತವೆ, ಏನು ಮಾಡಲಿ?

ಸಿಟ್ಟಿಗೆ ಕಾರಣ ಮಿಲ್ಲು ಹೋದದ್ದಲ್ಲ, ಆಮೇಲೆ ನಡೆದದ್ದು. ಮಿಲ್ಲಿನ ಜಾಗವನ್ನು ಹಾಸನದ ಕಡೆಯ ಮಂಜು ಅನ್ನುವವನು ಬಾಡಿಗೆಗೆ ತೆಗೆದುಕೊಂಡು ಬೇಕರಿ ಇಟ್ಟ. ಹೊಸದಾಗಿ ಮದುವೆಯಾದವನು, ಹೆಂಡತಿಯೂ ಜೊತೆಗೆ ನಿಂತು ದುಡಿಯುತ್ತಿದ್ದಳು. ಅಪ್ಪ ಬೆಳಿಗ್ಗೆ ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಗಾಜಿನ ಕಪಾಟಿನ ತುಂಬ ಲೈಟು, ಲೈಟಿನ ಕೆಳಗೆ ಪಫ್ಸು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು. ನಿನ್ನೆಯ ಬನ್ನನ್ನೇ ಮಂಜು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಜೋಡಿಸುತ್ತಿದ್ದ. ಖಾಲಿ ಟ್ರೇ ಹಿಡಿದುಕೊಂಡು ಅವಸರ ಅವಸರವಾಗಿ ಒಳಗೂ ಹೊರಗೂ ಓಡಾಡುತ್ತಿದ್ದ. ಒಂದು ಸಂಜೆ ಅಪ್ಪ, 'ಹೇಗಪ್ಪಾ ವ್ಯಾಪಾರ?' ಅಂದರು.

'ಸೂಪರ್ ಸಾರ್! ತಲೆ ಕೆರ್ಕೊಳ್ಳಕ್ಕೂ ಟೈಮಿಲ್ಲ.'

ಅಪ್ಪ ಅವನ ಮುಖವನ್ನೇ ನೋಡಿದರು. ಆಮೇಲೆ ಎದ್ದು, ಪಂಚೆ ಸರಿಮಾಡಿಕೊಂಡು, ಬೀದಿ ದಾಟಿ, ಸೀಮಂತದ ದಿನದಿಂದ ಮುಖವೆತ್ತಿ ನೋಡದಿದ್ದ ಶಾರದಮ್ಮ ಆಂಟಿಯ ಗೇಟಿನ ಮುಂದೆ ಹೋಗಿ ನಿಂತರು. ನಾನೂ ಅಮ್ಮನೂ ಹಿಂದಿನ ನಮ್ಮ ಮನೆಯ, ಪಕ್ಕದ ಸಂದಿಯಿಂದ ಬೀದಿ ಕಾಣುವ ಕಿಟಕಿಯಲ್ಲಿದ್ದೆವು. ಬೀದಿ ಅಷ್ಟೇನೂ ಅಗಲವಿರಲಿಲ್ಲ, ಮಾತೆಲ್ಲ ಕೇಳಿಸುತ್ತಿತ್ತು.

'ಆ ಮಂಜುಗೆ ವ್ಯಾಪಾರ ಇಲ್ಲ ಶಾರದಮ್ಮ' ಅಂದರು ಅಪ್ಪ. 'ಬಾಯಿ ಬಿಟ್ಟು ಹೇಳಲ್ಲ ಅವನು. ನೀವು ನಾಲ್ಕು ಜನಕ್ಕೆ ಹೇಳಿ. ಕೈ ಮುಗೀತೀನಿ.'

ಮಾರನೆಯ ಸಂಜೆಯಿಂದಲೇ ಹೆಂಗಸರು ಬೇಕರಿಗೆ ಬರತೊಡಗಿದರು. ಮಕ್ಕಳ ಹುಟ್ಟುಹಬ್ಬದ ಕೇಕು ಅಲ್ಲೇ, ನೆಂಟರು ಬಂದರೆ ಖಾರಾ ಬಿಸ್ಕತ್ತು ಅಲ್ಲೇ. ಮಂಜು ಉಳಿದುಕೊಂಡ. ಆದರೆ ಅಪ್ಪ ಕೈ ಮುಗಿದ ಆ ಸಂಜೆ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದ ಅಮ್ಮನ ಕಣ್ಣಲ್ಲಿ ದಳದಳ ನೀರು.

'ನೋಡೇ ಗಿರಿಜಾ' ಅಂದಳು. 'ಬರುತ್ತೆ ಕಣೇ ಇವರಿಗೆ ಬಾಯಿ ಬಿಟ್ಟು ಕೇಳಕ್ಕೆ.'